ಕ್ವಿಜ್ ಆಟದಲ್ಲಿ ಪೈಪೋಟಿ ಎಷ್ಟಿರಬೇಕು? ನನ್ನ ಆನ್‌ಲೈನ್ ಕ್ಲಾಸಿನ ಲೆಕ್ಕ

ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ವಾರಕ್ಕೆರಡು ದಿನ ಆನ್‌ಲೈನ್. ರಾತ್ರಿ ಎಂಟಕ್ಕೆ ಶುರು, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಅಪ್ಪ ಬಂದ ಮೇಲೇ ಫೋನ್ ಮಕ್ಕಳ ಕೈಗೆ ಸಿಗುವುದು. ಮೊದಲ ಸಲ ಕಹೂಟ್ ಅನ್ನೋ ಕ್ವಿಜ್ ಆ್ಯಪ್ ಆಡಿಸಿದಾಗ ಒಬ್ಬ ಹುಡುಗಿ ನಾಲ್ಕನೇ ಪ್ರಶ್ನೆ ಹೊತ್ತಿಗೆ ಕ್ಲಾಸಿನಿಂದಲೇ ಹೊರಗೆ ಹೋದಳು. ಅಲ್ಲಿವರೆಗಿನ ಮೂರೂ ಉತ್ತರ ಸರಿಯಾಗಿತ್ತು. ಆದರೂ ಅವಳ ಫೋನಿನಲ್ಲಿ 14ನೇ ಸ್ಥಾನ ಅಂತ ಬರುತ್ತಿತ್ತು. ತಪ್ಪು ನನ್ನದು. ಟೈಮ್ 20 ಸೆಕೆಂಡ್ ಇಟ್ಟಿದ್ದೆ.

ಕಹೂಟ್‌ನಲ್ಲಿ ಸಾಮಾನ್ಯವಾಗಿ ಒಂದು ಪ್ರಶ್ನೆಗೆ ಹೆಚ್ಚೆಂದರೆ 1000 ಅಂಕ. ಸರಿ ಉತ್ತರವಾದರೂ ತಡವಾದಷ್ಟೂ ಅಂಕ ಕಡಿಮೆ, ಕೊನೇ ಗಳಿಗೆಯಲ್ಲಿ ಒತ್ತಿದರೆ ಅರ್ಧ. ಆ ಹುಡುಗಿಯ ಮನೆಮಾತು ತೆಲುಗು, ನಮ್ಮ ಕಡೆ ಇದು ಮಾಮೂಲು. ಕನ್ನಡದ ಉದ್ದ ಪ್ರಶ್ನೆಯನ್ನು ಅವಳು ನಿಧಾನಕ್ಕೆ ಕೂಡಿಸಿ ಓದುತ್ತಾಳೆ. ಆಟ ಅಳೆದದ್ದು ಅವಳ ಓದಿನ ವೇಗವನ್ನು, ಪಾಠವನ್ನಲ್ಲ. ನೆಟ್‌ವರ್ಕ್ ಸರಿಯಿಲ್ಲದ ಮಕ್ಕಳಿಗೂ ಇದೇ ಗತಿ.

ಅದಕ್ಕೆ ಮೊದಲು ಟೈಮ್ ಸರಿಮಾಡಿ. ಲೆಕ್ಕ ನೋಡಿ: 20 ಸೆಕೆಂಡ್ ಇಟ್ಟರೆ 4 ಸೆಕೆಂಡಿಗೆ ಒತ್ತಿದವರಿಗೆ 900, 16 ಸೆಕೆಂಡಿಗೆ ಒತ್ತಿದವರಿಗೆ 600. ಅಂತರ 300. ಅದೇ ಪ್ರಶ್ನೆಗೆ 120 ಸೆಕೆಂಡ್ ಇಡಿ. ಮೊದಲಿನವರಿಗೆ 983, ಎರಡನೆಯವರಿಗೆ 933. ಅಂತರ ಬರೀ 50! ಒಂದು ತಪ್ಪು ಉತ್ತರ ಈಗ ಇಡೀ ಸಾವಿರ ಕಳೆಯುತ್ತದೆ, ನಿಧಾನ ಅಷ್ಟೇನೂ ಕಳೆಯುವುದಿಲ್ಲ. ಹಾಗಿರಬೇಕು ಅಲ್ವಾ? ಎಲ್ಲರೂ ಉತ್ತರ ಕೊಟ್ಟರೆ ಪ್ರಶ್ನೆ ತಾನೇ ಮುಗಿಯುವುದರಿಂದ ಸುಮ್ನೆ ಕಾಯುವ ತೊಂದರೆಯೂ ಇಲ್ಲ.

ಪ್ರಶ್ನೆ ಮಕ್ಕಳ ಫೋನಿನಲ್ಲೇ ಕಾಣುವ ಹಾಗೆ ಸೆಟ್ಟಿಂಗ್‌ನಲ್ಲಿ ಆನ್ ಮಾಡಿ. ಕ್ಲಾಸ್ ನಡೆಯುವ ಗೂಗಲ್ ಮೀಟ್‌ಗೂ ಆಟಕ್ಕೂ ಒಂದೇ ಫೋನ್ ಇರುವ ಮಗು ಅತ್ತಿತ್ತ ಬದಲಾಯಿಸುತ್ತಲೇ ಸೋಲುತ್ತದೆ. ಮೊದಲ ಎರಡು ಪ್ರಶ್ನೆಗೆ ಅಂಕವೇ ಬೇಡ, ಆ ಆಯ್ಕೆಯೂ ಇದೆ. ಕೈ ಪಳಗಲಿ.

ಆಟದಲ್ಲಿ ಎಲ್ಲರಿಗೂ ಕಾಣುವ ಹೆಸರಿನ ವಿಷಯಕ್ಕೆ ನಮ್ಮೂರಿನ ಮಾವಿನಹಣ್ಣೇ ನೆರವಾಯಿತು. ಬಾದಾಮಿ, ರಸಪುರಿ, ತೋತಾಪುರಿ, ಮಲ್ಲಿಕಾ, ನೀಲಂ ಅಂತ ಒಬ್ಬೊಬ್ಬರಿಗೂ ಗುಟ್ಟಾಗಿ ಒಂದೊಂದು ಹೆಸರು ಕಳಿಸುತ್ತೇನೆ. ಯಾರು ಯಾವ ಹಣ್ಣು ಅಂತ ನನಗೆ ಮಾತ್ರ ಗೊತ್ತು. ಹಿಂದೆ ಬಿದ್ದರೂ ಅವಮಾನವಿಲ್ಲ, ಮೇಲೆ ಬಂದರೆ ತಾವೇ ಬಾಯಿಬಿಡುತ್ತಾರೆ.

ಮೂರು ಮಕ್ಕಳಿಗೆ ಒಂದೇ ಫೋನ್ ಇದ್ದರೆ ಅದನ್ನೇ ಒಂದು ಟೀಮ್ ಮಾಡಿ. ನನ್ನ ಕ್ಲಾಸಿನಲ್ಲಿ ಒಂದೇ ಬೀದಿಯ ಮೂವರು ಮನೆ ಮುಂದಿನ ಜಗಲಿಯಲ್ಲಿ ಕೂತು ಆಡುತ್ತಾರೆ. ಒಬ್ಬಳು ಓದುತ್ತಾಳೆ, ಒಬ್ಬ ತೆಲುಗಿನಲ್ಲಿ ವಿವರಿಸುತ್ತಾನೆ, ಉತ್ತರ ಒತ್ತುವ ಮೊದಲು ಚಿಕ್ಕ ಜಗಳ. ಆ ಜಗಳದಲ್ಲೇ ಪಾಠ ನಡೆಯುತ್ತದೆ. ಟೀಮಿನಲ್ಲಿದ್ದರೆ ಪೈಪೋಟಿ ಯಾರನ್ನೂ ಅಷ್ಟು ಚುಚ್ಚುವುದಿಲ್ಲ ಅಂತ ನಾನು ನಂಬಿದ್ದೇನೆ.

ತೀರಾ ಹಿಂಜರಿಯುವ ಮಕ್ಕಳಿಗೆ ಕ್ವಿಝಿಝ್ ಅನ್ನೋ ಇನ್ನೊಂದು ಕ್ವಿಜ್ ಆ್ಯಪ್ ಒಳ್ಳೆಯದು. 2025ರಲ್ಲಿ ಅದರ ಹೆಸರು ವೇಗ್ರೌಂಡ್ ಆಯಿತು. ಅದರಲ್ಲಿ ಟೈಮರ್, ಅಂಕಪಟ್ಟಿ ಎರಡನ್ನೂ ಆಫ್ ಮಾಡಿ ಮನೆಪಾಠದ ಹಾಗೆ ಕೊಡಬಹುದು. ನಾನು ಬುಧವಾರದ ಪ್ರಶ್ನೆಗಳನ್ನೇ ಶನಿವಾರ ಮತ್ತೆ ಕೊಡುತ್ತೇನೆ. ಎರಡೂ ಅಂಕ ನೋಟ್‌ಬುಕ್ಕಿನಲ್ಲಿ ಪಕ್ಕಪಕ್ಕ ಬರೆದು, ಎಲ್ಲರಿಗಿಂತ ಜಾಸ್ತಿ ಏರಿದವರನ್ನು ಮೊದಲು ಹೊಗಳುತ್ತೇನೆ.

ಆಟ ಮುಗಿದ ತಕ್ಷಣ ಕ್ಲಾಸ್ ಮುಗಿಸಬೇಡಿ. ಹೆಚ್ಚು ಮಕ್ಕಳು ತಪ್ಪು ಮಾಡಿದ ಪ್ರಶ್ನೆ ಯಾವುದು ಅಂತ ರಿಪೋರ್ಟ್ ನೋಡಿ, ಅದಕ್ಕೇ ಹತ್ತು ನಿಮಿಷ ಕೊಡಿ. ಮೊನ್ನೆ "1902ರಲ್ಲಿ ಶಿವನಸಮುದ್ರದಿಂದ ಮೊದಲು ವಿದ್ಯುತ್ ಹೋಗಿದ್ದು ಎಲ್ಲಿಗೆ?" ಅಂತ ಕೇಳಿದ್ದೆ. ಮುಕ್ಕಾಲು ಪಾಲು ಮಕ್ಕಳು ಬೆಂಗಳೂರು ಒತ್ತಿದ್ದರು. ಕೋಲಾರದ ಚಿನ್ನದ ಗಣಿಗೆ ಅಂದೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನೀಲಂ ಮೈಕ್ ಆನ್ ಮಾಡಿದಳು. ಅವತ್ತು ಎದ್ದುಹೋಗಿದ್ದವಳೇ ಅವಳು. "ಮಿಸ್, ಗಣಿಗೆ ಅಷ್ಟೊಂದು ಕರೆಂಟ್ ಯಾಕೆ ಬೇಕಿತ್ತು?"