ಮಂಡ್ಯದ ಶಾಲೆಯಲ್ಲಿ ಆರ್ಕ್‌ಟಿಕ್ ಮಂಜುಗಡ್ಡೆಯ ಲೆಕ್ಕ

"ಉಪಗ್ರಹದ ಲೆಕ್ಕಕ್ಕೆ ದೊಡ್ಡ ಕಂಪ್ಯೂಟರ್ರೇ ಬೇಕು ಮೇಷ್ಟ್ರೇ, ಹೈಸ್ಕೂಲ್ ಲ್ಯಾಬಲ್ಲಿ ಆಗಲ್ಲ" ಎಂದು ಜೊತೆಯ ವಿಜ್ಞಾನ ಶಿಕ್ಷಕರು ಹೇಳುತ್ತಲೇ ಇದ್ದರು. ಈಗ ನಮ್ಮ ಶಾಲೆಯ ಗೋಡೆ ಮೇಲೆ 1979ರಿಂದ ಈಚೆಗೆ ಉಪಗ್ರಹ ಅಳೆದ ಆರ್ಕ್‌ಟಿಕ್, ಅಂದರೆ ಉತ್ತರ ಧ್ರುವದ ಸಮುದ್ರದ ಮಂಜುಗಡ್ಡೆಯ ಗ್ರಾಫ್ ಇದೆ. ಮಕ್ಕಳೇ ಹಾಕಿದ್ದು, ಬರೀ ಸ್ಪ್ರೆಡ್‌ಶೀಟ್‌ನಲ್ಲಿ.

ಮೊದಲು ನಕ್ಷೆಯ ಚಿತ್ರ ಇಳಿಸಿಕೊಂಡು ಬಿಳಿ ಚುಕ್ಕೆ ಎಣಿಸಿ ನೋಡಿದೆವು. ಡೇಟಾ ಪ್ಯಾಕ್‌ಗೇ ಏಳೆಂಟು ನೂರು ಹೋಯಿತು. ಕರಾವಳಿಯ ಗೆರೆ, ಅಕ್ಷರ ಎಲ್ಲ ಅಡ್ಡ ಬಂದು ಲೆಕ್ಕ ಕೂಡಲೇ ಇಲ್ಲ. ಆ ನಕ್ಷೆಯ ಒಂದೊಂದು ಚುಕ್ಕೆಯೂ ಸಮುದ್ರದ ಒಂದು ಚೌಕ; ಆ ಚೌಕಗಳೂ ಒಂದೇ ಅಳತೆಯವಲ್ಲ, ಧ್ರುವದಿಂದ ದೂರ ಹೋದಂತೆ ಬದಲಾಗುತ್ತವೆ. ಪೂರ್ತಿ ಫೈಲ್ ಇಡೋಣ ಎಂದು ಎರಡು ಸಾವಿರದ ಹತ್ತಿರ ಕೊಟ್ಟು ಸೆಕೆಂಡ್‌ಹ್ಯಾಂಡ್ ಹಾರ್ಡ್ ಡಿಸ್ಕ್ ತಂದೆ. ಅದೂ ಬೇಕಾಗಲಿಲ್ಲ.

ಅಮೆರಿಕದ ಬೌಲ್ಡರ್‌ನಲ್ಲಿರುವ ರಾಷ್ಟ್ರೀಯ ಹಿಮ ದತ್ತಾಂಶ ಕೇಂದ್ರ ತಿಂಗಳ ಸರಾಸರಿಯ ಟೇಬಲ್ಲನ್ನು ಪುಕ್ಕಟೆ ಕೊಡುತ್ತದೆ. ಫೋನಿನಲ್ಲೇ ಇಳಿಯುವಷ್ಟು ಚಿಕ್ಕದು. ಅದರಲ್ಲಿ ವಿಸ್ತೀರ್ಣದ (ಮಂಜು ನಿಜಕ್ಕೂ ಮುಚ್ಚಿದ ಭಾಗದ) ಕಾಲಂ ಹಿಡಿದರೆ 1987ರಲ್ಲಿ ಗೆರೆ ಸುಮ್ನೆ ಮೇಲಕ್ಕೆ ಜಿಗಿಯುತ್ತದೆ. ಮಂಜು ಹೆಚ್ಚಿದ್ದಲ್ಲ. ಹಳೇ ಉಪಗ್ರಹಕ್ಕೆ ಧ್ರುವದ ನೆತ್ತಿಯ ಸುತ್ತ ದೊಡ್ಡ ಜಾಗ ಕಾಣುತ್ತಿರಲಿಲ್ಲ, ಹೊಸದಕ್ಕೆ ಆ ಜಾಗ ಚಿಕ್ಕದಾಯಿತು. ಹಾಗಾಗಿ ವ್ಯಾಪ್ತಿಯ ಕಾಲಂ ಹಿಡಿಯಿರಿ. ಕನಿಷ್ಠ ಶೇ. 15 ಮಂಜು ಇರುವ ಚೌಕಗಳಷ್ಟೇ ಅದರಲ್ಲಿ ಪೂರ್ತಿಯಾಗಿ ಸೇರುತ್ತವೆ, ನೆತ್ತಿಯ ಕಾಣದ ಜಾಗವನ್ನೂ ಮಂಜು ಇದ್ದದ್ದೆಂದೇ ಹಿಡಿಯುತ್ತಾರೆ.

ಹನ್ನೆರಡೂ ತಿಂಗಳು ಹಾಕಿದರೆ ಗರಗಸದಂತೆ ಕಾಣುತ್ತದೆ. ಮಂಜು ಅತಿ ಕಡಿಮೆ ಇರುವ ಸೆಪ್ಟೆಂಬರ್ ಒಂದನ್ನೇ ಆರಿಸಿದಾಗ ಇಳಿತ ಕಣ್ಣಿಗೆ ಹೊಡೆಯಿತು. 1979ರಲ್ಲಿ ಸುಮಾರು 70 ಲಕ್ಷ ಚದರ ಕಿ.ಮೀ., 2012ರಲ್ಲಿ 36 ಲಕ್ಷ. ನಮ್ಮ ಗೆರೆಯ ಪ್ರಕಾರ ವರ್ಷಕ್ಕೆ 75-80 ಸಾವಿರ ಚದರ ಕಿ.ಮೀ. ಕಡಿಮೆ. ಅಂದರೆ ವರ್ಷವರ್ಷವೂ ಹದಿನೈದು ಮಂಡ್ಯ ಜಿಲ್ಲೆಯಷ್ಟು! ಇದನ್ನು ನೋಡಿದ ಮೇಲೆ ಅದೇ ಶಿಕ್ಷಕರು ಫೈಲ್ ಕೇಳಿಕೊಂಡು ಬಂದರು.

ನಡುವೆ ಮೀನು ಮಾರ್ಕೆಟ್‌ನಿಂದ ಐಸ್ ತಂದು ಕಪ್ಪು ತಟ್ಟೆಯಲ್ಲಿ ಒಂದು ಗಡ್ಡೆ, ಬಿಳಿ ತಟ್ಟೆಯಲ್ಲಿ ಒಂದು ಗಡ್ಡೆ ಇಟ್ಟು ಬಿಸಿಲಿಗೆ ಬಿಟ್ಟೆವು. ಕಪ್ಪಿನದು ಬೇಗ ಕರಗಿತು. ಮಂಜು ಸರಿದು ಕಪ್ಪು ನೀರು ತೆರೆದುಕೊಂಡರೆ ಬಿಸಿಲು ಜಾಸ್ತಿ ಹೀರಿಕೊಳ್ಳುತ್ತದೆ, ಮತ್ತಷ್ಟು ಕರಗುತ್ತದೆ. ಅದನ್ನು ನಾನು ಬಾಯಲ್ಲಿ ವಿವರಿಸಬೇಕಾಗಲೇ ಇಲ್ಲ.

ಗ್ರಾಫಿನ ಫ್ಲೆಕ್ಸ್‌ಗೆ ಐನೂರು ಚಿಲ್ಲರೆ ಆಯಿತು. ಎಲ್ಲ ತಿಂಗಳನ್ನೂ ಒಂದೇ ಹಾಳೆಯಲ್ಲಿ ಬಣ್ಣದಲ್ಲಿ ತೋರಿಸುವ ಉಪಾಯವೂ ಸಿಕ್ಕಿದೆ. ಅದು ಈ ಸಲದ ವಸ್ತುಪ್ರದರ್ಶನ ಮುಗಿಯುವ ತನಕ ನಮ್ಮ ಮಕ್ಕಳ ಹತ್ತಿರವೇ ಇರಲಿ.

ದಕ್ಷಿಣ ಧ್ರುವಕ್ಕೆ ಮಾತ್ರ ಹೀಗೆ ನೇರ ಗೆರೆ ಎಳೆಯಬೇಡಿ. ಅಲ್ಲಿ ಸೆಪ್ಟೆಂಬರ್‌ನಲ್ಲೇ ಮಂಜು ಅತಿ ಹೆಚ್ಚು; 2014ರ ಸೆಪ್ಟೆಂಬರ್‌ನಲ್ಲಿ 2 ಕೋಟಿ ಚದರ ಕಿ.ಮೀ. ದಾಟಿತ್ತು. 2016ರಿಂದ ಕುಸಿತ ಶುರುವಾಯಿತು. 2023ರ ಸೆಪ್ಟೆಂಬರ್‌ನಲ್ಲಿ 1.7 ಕೋಟಿಯನ್ನೂ ಮುಟ್ಟಲಿಲ್ಲ. ಅದಕ್ಕೆ ಬೇರೆಯೇ ಹಾಳೆ ಮಾಡುತ್ತಿದ್ದೇವೆ.