ಹಿರಿಯರ ಮನೆಗೆ ಕ್ಯಾಮೆರಾ ಹಾಕುವ ಮುನ್ನ: ಪಾಸ್‌ವರ್ಡ್ ಯಾರ ಕೈಯಲ್ಲಿ?

60 ವರ್ಷ ದಾಟಿದ ಪ್ರತಿ 6 ಮಂದಿಯಲ್ಲಿ ಸುಮಾರು ಒಬ್ಬರು ಒಂದು ವರ್ಷದ ಅವಧಿಯಲ್ಲಿ ಒಂದಲ್ಲ ಒಂದು ಬಗೆಯ ದೌರ್ಜನ್ಯ ಅನುಭವಿಸುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ದೌರ್ಜನ್ಯವೆಂದರೆ ಹೊಡೆತ, ಬೈಗುಳವಷ್ಟೇ ಅಲ್ಲ. ಹೊತ್ತಿಗೆ ಔಷಧ ಕೊಡದಿರುವುದು, ಫೋನ್ ಕಿತ್ತಿಟ್ಟುಕೊಳ್ಳುವುದು, ಹೇಳದೆ ಕೇಳದೆ ಖಾತೆಯಿಂದ ಹಣ ತೆಗೆಯುವುದು, ಬಂದವರ ಜೊತೆ ಮಾತಾಡಲು ಬಿಡದಿರುವುದು ಎಲ್ಲವೂ ಅದೇ. ಹೆಚ್ಚಿನ ಸಲ ಹೀಗೆ ಮಾಡುವವರು ಹೊರಗಿನ ಕಳ್ಳರಲ್ಲ, ಮನೆಯೊಳಗಿನವರು ಅಥವಾ ಆರೈಕೆಗೆ ನಿಂತವರು.

ದೂರದಲ್ಲಿರುವ ಮಕ್ಕಳು ಎಡವುವುದು ಇಲ್ಲೇ. ಕ್ಯಾಮೆರಾ ತರಿಸಿ, ಅದನ್ನು ಜೋಡಿಸುವ ಕೆಲಸವನ್ನು ಆ ಮನೆಯಲ್ಲೇ ಇರುವವರಿಗೆ ಒಪ್ಪಿಸಿಬಿಡುತ್ತಾರೆ. ಆಮೇಲೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

1. ಮೊದಲು ಮಾತು, ಆಮೇಲೆ ಸಾಮಾನು

ಹಿರಿಯರೊಂದಿಗೆ ಒಬ್ಬರೇ ಕೂತು ಮಾತಾಡಿ. ಜೊತೆಗಿರುವವರು ಎದ್ದು ಹೋಗದಿದ್ದರೆ ವಾಕಿಂಗ್‌ಗೆ ಕರೆದುಕೊಂಡು ಹೋಗಿ, ಇಲ್ಲವೇ ವೈದ್ಯರಿಗೆ ಮೊದಲೇ ಹೇಳಿ ಹತ್ತು ನಿಮಿಷ ಒಬ್ಬರನ್ನೇ ಒಳಗೆ ಕೂರಿಸಿಕೊಳ್ಳುವಂತೆ ಕೇಳಿಕೊಳ್ಳಿ. "ನಿಮಗೆ ಹೊಡೀತಾರಾ?" ಎಂದು ನೇರವಾಗಿ ಕೇಳಿದರೆ ಬರುವ ಉತ್ತರ "ಇಲ್ಲಪ್ಪ". ಅದರ ಬದಲು ಹೀಗೆ ಕೇಳಿ: "ಬ್ಯಾಂಕ್ ಪಾಸ್‌ಬುಕ್ ಯಾರ ಹತ್ರ ಇದೆ? ಫೋನ್ ಬೇಕು ಅಂದಾಗ ಕೈಗೆ ಸಿಗುತ್ತಾ? ಮನೇಲಿ ಯಾರಾದ್ರೂ ಒಳಗೆ ಬಂದ್ರೆ ಎದೆ ಧಸಕ್ ಅನ್ನುತ್ತಾ?" ಉತ್ತರ ಬರುವ ತನಕ ಸುಮ್ಮನಿರಿ. ನೀವೇ ಬಾಯಿಗೆ ಮಾತು ತುಂಬಬೇಡಿ.

ಸಾಧನಗಳ ವಿಷಯಕ್ಕೂ ಅವರ ಒಪ್ಪಿಗೆ ಬೇಕು. ಕ್ಯಾಮೆರಾ ಎಲ್ಲಿರುತ್ತದೆ, ಅದಕ್ಕೆ ಏನೇನು ಕಾಣುತ್ತದೆ, ಯಾರು ನೋಡುತ್ತಾರೆ ಎಂದು ತೋರಿಸಿಯೇ ಹೇಳಿ. ಮರೆವಿನ ಕಾಯಿಲೆ ಇದ್ದರೆ ಚಿಕ್ಕ ಮಾತಿನಲ್ಲಿ, ಮತ್ತೆ ಮತ್ತೆ ಹೇಳಿ. ಬೇಡ ಎಂದರೆ ಕ್ಯಾಮೆರಾ ಬಿಟ್ಟು, ಬಾಗಿಲು ತೆರೆದಾಗ ಫೋನಿಗೆ ಸೂಚನೆ ಕಳಿಸುವ ಬಾಗಿಲ ಸೆನ್ಸರ್‌ನಿಂದ ಶುರುಮಾಡಿ.

2. ಖಾತೆ ಯಾರ ಹೆಸರಿನಲ್ಲಿ? ಇದೇ ಕಠಿಣ ಘಟ್ಟ

ಬಹುತೇಕ ಕ್ಯಾಮೆರಾಗಳಲ್ಲಿ ಆ್ಯಪ್‌ ಮೂಲಕ ಮೊದಲು ಜೋಡಿಸಿದವರೇ ಅದರ ಮಾಲೀಕರು. ಆಮೇಲೆ ಬಂದವರೆಲ್ಲ ಅತಿಥಿಗಳು. ಮಾಲೀಕರಿಗೆ ದೃಶ್ಯ ಅಳಿಸುವ, ದಾಖಲೆ ನಿಲ್ಲಿಸುವ, ಅತಿಥಿಗಳನ್ನು ಹೊರಹಾಕುವ ಅಧಿಕಾರವಿರುತ್ತದೆ. ಹಾಗಾಗಿ ಮೊದಲ ಜೋಡಣೆಯನ್ನು ನಿಮ್ಮ ಕೈಯಾರೆ ಮಾಡಿ. ಬೇರೆಯವರು ಈಗಾಗಲೇ ಮಾಡಿದ್ದರೆ ಅವರ ಆ್ಯಪ್‌ನಿಂದ ಕ್ಯಾಮೆರಾ ತೆಗೆಸಿ, ಮೆಮೊರಿ ಕಾರ್ಡ್ ಅಥವಾ ತಳದ ಹತ್ತಿರವಿರುವ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಕೆಲವು ಸೆಕೆಂಡ್ ಒತ್ತಿ ಹಿಡಿದು ಹೊಸದಾಗಿ ಶುರುಮಾಡಿ. ಜೋಡಣೆಯಾಗದೆ ಸತಾಯಿಸಿದರೆ ವೈಫೈ ನೋಡಿ: ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಎಂಬ ವೈಫೈ ತರಂಗದಲ್ಲಿ ಮಾತ್ರ ಕೆಲಸ ಮಾಡುತ್ತವೆ, 5 ಗಿಗಾಹರ್ಟ್ಸ್‌ನಲ್ಲಿ ಅಲ್ಲ.

ಖಾತೆಗೆ ಹಿರಿಯರ ಹೆಸರಿನಲ್ಲೇ ಹೊಸ ಇಮೇಲ್ ತೆರೆಯಿರಿ. ಪಾಸ್‌ವರ್ಡ್ ಅವರಿಗೆ ಗೊತ್ತಿರಲಿ, ಜೊತೆಗೆ ಆ ಮನೆಯಲ್ಲಿ ವಾಸವಿಲ್ಲದ ಒಬ್ಬ ನಂಬಿಕಸ್ಥರಿಗೆ ಗೊತ್ತಿರಲಿ. ಬಹಳ ಜನ ಮರೆಯುವುದು "ಪಾಸ್‌ವರ್ಡ್ ಮರೆತಿರಾ?" ಒತ್ತಿದಾಗ ಒಟಿಪಿ ಹೋಗುವ ನಂಬರನ್ನು. ಆ ನಂಬರಿನ ಫೋನ್ ತೊಂದರೆ ಕೊಡುವವರ ಕೈಯಲ್ಲಿದ್ದರೆ ಎಂಥ ಗಟ್ಟಿ ಪಾಸ್‌ವರ್ಡ್ ಇಟ್ಟರೂ ಎರಡು ನಿಮಿಷದಲ್ಲಿ ಬದಲಾಗಿಬಿಡುತ್ತದೆ. ಹಿರಿಯರ ಫೋನ್ ಸದಾ ಅವರ ಬಳಿಯೇ ಇರುವುದಿಲ್ಲವಾದರೆ ಮರುಪಡೆಯುವ ನಂಬರ್ ಹೊರಗಿನ ನಂಬಿಕಸ್ಥರದ್ದೇ ಇರಲಿ. ಎರಡು ಹಂತದ ಪರಿಶೀಲನೆಯನ್ನೂ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ಏರ್ಪಾಡು) ಆನ್ ಮಾಡಿ. ಉಳಿದ ಮಕ್ಕಳಿಗೆ, ನೆರೆಯವರಿಗೆ ನೋಡುವ ಅನುಮತಿ ಮಾತ್ರ ಸಾಕು. ತಿಂಗಳಿಗೊಮ್ಮೆ, ಲಾಗಿನ್ ಆಗಿರುವ ಸಾಧನಗಳ ಪಟ್ಟಿ ತೆರೆದು ಗುರುತು ಸಿಗದ ಫೋನ್ ಇದ್ದರೆ ತೆಗೆದುಹಾಕಿ.

ವೈಫೈ ಕೊಡುವ ರೂಟರ್ ಪೆಟ್ಟಿಗೆಯ ಜೊತೆಗೇ ಬಂದ ಪಾಸ್‌ವರ್ಡನ್ನೂ ಬದಲಿಸಿ. ರೂಟರ್ ಆಫ್ ಮಾಡಿದರೆ ಇಡೀ ಕಾವಲಿಗೇ ಕಣ್ಣು ಮುಚ್ಚಿದಂತೆ. ಅದಕ್ಕೆ "ಕ್ಯಾಮೆರಾ ಆಫ್‌ಲೈನ್" ಸೂಚನೆ ನಿಮ್ಮ ಫೋನಿಗೆ ಬರುವಂತೆ ಮಾಡಿಕೊಳ್ಳಿ. ದಿನವೂ ಒಂದೇ ಹೊತ್ತಿಗೆ, ಒಂದೇ ವ್ಯಕ್ತಿ ಮನೆಯಲ್ಲಿರುವಾಗ ಆಫ್‌ಲೈನ್ ಆಗುತ್ತಿದ್ದರೆ ವಿಚಾರಿಸಲೇಬೇಕು.

3. ಎಲ್ಲಿ ಹಾಕಬೇಕು

ಹಜಾರ ಮತ್ತು ಮುಂಬಾಗಿಲು ಸಾಕು. ಮಲಗುವ ಕೋಣೆ, ಬಚ್ಚಲು ಬೇಡವೇ ಬೇಡ, ಹಿರಿಯರ ಮಾನವೂ ರಕ್ಷಣೆಯ ಭಾಗವೇ. ಸುಮಾರು ಏಳು ಅಡಿ ಎತ್ತರದ ಮೂಲೆಯಲ್ಲಿ, ಕಿಟಕಿಗೆ ಎದುರಾಗದಂತೆ ಕೂರಿಸಿ. ಕಿಟಕಿಗೆ ಮುಖಮಾಡಿದರೆ ಹಗಲಿನಲ್ಲಿ ಕಾಣುವುದು ಕಪ್ಪು ಆಕೃತಿ ಮಾತ್ರ. ಧ್ವನಿ ದಾಖಲೆಗೆ ಹಲವು ದೇಶಗಳಲ್ಲಿ ಕಟ್ಟುನಿಟ್ಟಾದ ಕಾನೂನಿದೆ, ತಿಳಿದುಕೊಂಡು ಆನ್ ಮಾಡಿ. ಆರೈಕೆಗೆ ಬರುವವರಿಗೂ ಕ್ಯಾಮೆರಾ ಇದೆಯೆಂದು ಮೊದಲ ದಿನವೇ ಹೇಳಿ.

ಬಲ್ಬಿನ ಆಕಾರದ ಕ್ಯಾಮೆರಾ ಮಾತ್ರ ಕೊಳ್ಳಬೇಡಿ. ದೀಪದ ಸ್ವಿಚ್ ಒತ್ತಿದರೆ ಅದೂ ಆರಿಹೋಗುತ್ತದೆ. ಮೆಮೊರಿ ಕಾರ್ಡ್ ತುಂಬಿದ ಮೇಲೆ ಹಳೆಯ ದೃಶ್ಯದ ಮೇಲೆಯೇ ಹೊಸದು ಬರೆದುಕೊಳ್ಳುತ್ತದೆ. ಆದ್ದರಿಂದ ಸಂಶಯ ಬಂದ ದೃಶ್ಯವನ್ನು ಅದೇ ದಿನ ಇಳಿಸಿಟ್ಟುಕೊಳ್ಳಿ.

4. ಸಣ್ಣ ಸಾಧನಗಳು

ಬಾಗಿಲ ಸೆನ್ಸರ್ ಅಂಟಿಸುವುದು ಐದು ನಿಮಿಷದ ಕೆಲಸ. ಅಯಸ್ಕಾಂತದ ತುಂಡು ಮತ್ತು ಸೆನ್ಸರ್ ನಡುವೆ ಹೆಚ್ಚು ಅಂತರ ಬಿಡದಿದ್ದರಾಯಿತು. ಕೊರಳಿಗೆ ಹಾಕುವ ತುರ್ತು ಗುಂಡಿ ನೀರು ತಡೆಯುವಂಥದ್ದೇ ಆಗಿರಲಿ. ಸ್ನಾನಕ್ಕೆ ಹೋಗುವಾಗ ತೆಗೆದು ಗೂಟಕ್ಕೆ ಸಿಕ್ಕಿಸಿದರೆ, ಜಾರಿ ಬೀಳುವ ಜಾಗದಲ್ಲೇ ಅದು ಕೈಗೆ ಸಿಗುವುದಿಲ್ಲ. ತಿಂಗಳಿಗೊಮ್ಮೆ ಒತ್ತಿ ಪರೀಕ್ಷಿಸಿ. ಆಂಡ್ರಾಯ್ಡ್ 12 ಮತ್ತು ನಂತರದ ಬಹುತೇಕ ಫೋನ್‌ಗಳಲ್ಲಿ ತುರ್ತು ಸೌಲಭ್ಯ ಆನ್ ಮಾಡಿದ್ದರೆ ಪವರ್ ಗುಂಡಿಯನ್ನು ಬೇಗ ಬೇಗ ಐದು ಸಲ ಒತ್ತಿದಾಗ ತುರ್ತು ಕರೆ ಹೋಗುತ್ತದೆ. ಅದನ್ನು ಬರೀ ಹೇಳಿ ಬರಬೇಡಿ, ಅವರ ಬೆರಳಿನಿಂದಲೇ ಒತ್ತಿಸಿ ನೋಡಿ, ಕರೆ ಹೋಗುವ ಮುನ್ನ ರದ್ದು ಮಾಡುವುದನ್ನೂ ಕಲಿಸಿ.

ಅಲೆಕ್ಸಾದಂಥ, ಮಾತಿಗೆ ಉತ್ತರಿಸುವ ಸ್ಪೀಕರ್ ಇದ್ದರೆ, ದೂರದಿಂದ ತಾನಾಗಿ ಸಂಪರ್ಕ ತೆರೆದು ಕೇಳಿಸಿಕೊಳ್ಳುವ ಸೌಲಭ್ಯವನ್ನು ಆಫ್ ಮಾಡಿ.

5. ಹಣ

ಖಾತೆಯ ಪ್ರತಿ ವಹಿವಾಟಿನ ಎಸ್ಸೆಮ್ಮೆಸ್ ಹಿರಿಯರಿಗೇ ಬರಬೇಕು. ಅವರು ಒಪ್ಪಿದರೆ ಮತ್ತು ಬ್ಯಾಂಕ್ ಬಿಟ್ಟರೆ ಇನ್ನೊಬ್ಬರಿಗೂ ಬರಲಿ. ಎಟಿಎಂನ ದಿನದ ಮಿತಿ ತಗ್ಗಿಸಿ. ಕಾರ್ಡಿನ ಪಿನ್ ಬರೆದ ಚೀಟಿ ಕಾರ್ಡಿನ ಜೊತೆಗೆ ಇಟ್ಟಿದ್ದರೆ ಇವತ್ತೇ ಪಿನ್ ಬದಲಿಸಿ. ಖಾಲಿ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಯಾರು ಕೇಳಿದರೂ ಕೊಡಬಾರದು.

6. ಜನರ ಬಳಗ

ಸಾಧನ ಸದ್ದು ಮಾಡಬಲ್ಲದು, ಬಾಗಿಲು ತಟ್ಟಲಾರದು. ಹತ್ತು ನಿಮಿಷದಲ್ಲಿ ಬರಬಲ್ಲ ಇಬ್ಬರು, ವಾರಕ್ಕೊಮ್ಮೆ ಬಂದು ಕೂರಬಲ್ಲ ಒಬ್ಬರು, ಮತ್ತು ದಿನವೂ ಮುಖ ನೋಡುವ ಒಬ್ಬರು ಬೇಕು. ಈ ಕೊನೆಯವರು ಪಕ್ಕದ ಮನೆಯವರಿರಬಹುದು, ಔಷಧ ಅಂಗಡಿಯವರಿರಬಹುದು. "ಮೂರು ದಿನ ಕಾಣಿಸದಿದ್ದರೆ ನನಗೊಂದು ಫೋನ್ ಮಾಡಿ" ಎಂದು ಸ್ಪಷ್ಟವಾಗಿ ಹೇಳಿ. "ಸ್ವಲ್ಪ ನೋಡ್ಕೊಳ್ಳಿ" ಎಂದರೆ ಯಾರೂ ನೋಡುವುದಿಲ್ಲ.

ಫೋನಿಗೊಂದು ಗುಟ್ಟಿನ ಮಾತು ಗೊತ್ತುಮಾಡಿಕೊಳ್ಳಿ. "ನನ್ನ ಹಳೇ ಕನ್ನಡಕ ಸಿಗ್ತಾ ಇಲ್ಲ" ಎಂದರೆ "ಇವತ್ತೇ ಬಾ" ಎಂದರ್ಥ. ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಎನ್ನಿಸಿದರೆ ಹೌದು, ಇಲ್ಲ ಎಂಬ ಉತ್ತರ ಸಾಕಾಗುವ ಪ್ರಶ್ನೆಗಳನ್ನಷ್ಟೇ ಕೇಳಿ.

ವಾರಕ್ಕೊಮ್ಮೆ ಬರುವವರು ಮಾತ್ರೆ ಪಟ್ಟಿ ಎಣಿಸಲಿ. ದಿನಕ್ಕೆರಡರಂತೆ ಏಳು ದಿನಕ್ಕೆ 14 ಖಾಲಿಯಾಗಬೇಕು. 8 ಮಾತ್ರ ಖಾಲಿಯಾಗಿದ್ದರೆ ಸರಿಯಾಗಿ ಕೊಡದೆ ಇರಬಹುದು, 20 ಖಾಲಿಯಾಗಿದ್ದರೆ ಮಲಗಿಸಿಡಲು ಹೆಚ್ಚು ಕೊಡುತ್ತಿರಲೂಬಹುದು. ಎರಡನ್ನೂ ವೈದ್ಯರ ಗಮನಕ್ಕೆ ತನ್ನಿ.

ಆರೈಕೆ ಮಾಡುವವರ ಮುಖವನ್ನೂ ನೋಡಿ. ಹಗಲು ರಾತ್ರಿ ಒಬ್ಬರೇ ಬಳಲಿದಾಗ ಕೈ ಮೀರುವುದುಂಟು. ವಾರಕ್ಕೆ ನಾಲ್ಕು ಗಂಟೆ ಬೇರೊಬ್ಬರು ನಿಂತು ಅವರನ್ನು ಹೊರಗೆ ಕಳಿಸಿದರೆ ಎಷ್ಟೋ ಏಟುಗಳು ಬೀಳುವ ಮೊದಲೇ ನಿಲ್ಲುತ್ತವೆ. ಈ ಬಿಡುವಿಗಾಗಿ ಖರ್ಚು ಮಾಡುವ ಹಣ ಎರಡನೇ ಕ್ಯಾಮೆರಾಕ್ಕಿಂತ ಸಾರ್ಥಕ.

7. ಗಾಯ ಕಂಡರೆ

ಬೀಳುವಾಗ ಸಾಮಾನ್ಯವಾಗಿ ಪೆಟ್ಟಾಗುವುದು ಮೊಣಕಾಲು, ಮೊಣಕೈ, ಹಣೆಗೆ. ತೋಳಿನ ಒಳಭಾಗ, ಕುತ್ತಿಗೆ, ಕಿವಿ, ಎರಡೂ ಮಣಿಕಟ್ಟಿನ ಸುತ್ತ ಕಲೆಯಿದ್ದರೆ ಅನುಮಾನಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸ್ವಲ್ಪ ತಾಗಿದರೂ ಕಲೆ ಏಳುತ್ತದೆ, ಅದನ್ನೂ ವೈದ್ಯರಿಗೆ ಹೇಳಿ. ಕಲೆಯ ಬಣ್ಣ ನೋಡಿ ಇಂಥ ದಿನದ್ದೇ ಎಂದು ತೀರ್ಮಾನಿಸಬೇಡಿ.

ಅವರ ಒಪ್ಪಿಗೆ ಪಡೆದು ಹಗಲ ಬೆಳಕಿನಲ್ಲಿ ಎರಡು ಫೋಟೊ ತೆಗೆಯಿರಿ: ಮುಖವೂ ಕಾಣುವ ಒಂದು, ಅಳತೆಪಟ್ಟಿ ಪಕ್ಕದಲ್ಲಿಟ್ಟು ಹತ್ತಿರದಿಂದ ಒಂದು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗಿ, ತೆಗೆದ ದಿನಾಂಕದ ಮಾಹಿತಿಯೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲವನ್ನು ಹಾಗೇ ಉಳಿಸಿ. ಹಿರಿಯರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ತಾರೀಖು ಹಾಕಿ ಬರೆದಿಡಿ.

ಸಾಕ್ಷಿ ಕೈಗೆ ಬಂದ ಕೂಡಲೇ ಮನೆಯಲ್ಲಿ ಜಗಳ ತೆಗೆಯಬೇಡಿ. ನೀವು ಹೊರಟ ಮೇಲೆ ಅದರ ಸಿಟ್ಟು ಬೀಳುವುದು ಹಿರಿಯರ ಮೇಲೆ. ಪ್ರಾಣಾಪಾಯವಿದ್ದರೆ ತುರ್ತು ನಂಬರಿಗೆ ಕರೆ ಮಾಡಿ. ಇಲ್ಲವಾದರೆ ಅವರು ರಾತ್ರಿ ಎಲ್ಲಿ ಮಲಗುತ್ತಾರೆ, ಔಷಧ, ಕನ್ನಡಕ, ಗುರುತಿನ ಪತ್ರ, ಬ್ಯಾಂಕ್ ಕಾಗದ ಯಾರು ಎತ್ತಿಕೊಳ್ಳುತ್ತಾರೆ ಎಂದು ಮೊದಲು ಗೊತ್ತುಮಾಡಿ, ಆಮೇಲೆ ಪೊಲೀಸರಿಗೋ ಹಿರಿಯರ ಸಹಾಯವಾಣಿಗೋ ದೂರು ಕೊಡಿ. ಅದೇ ಸಂಜೆ ಕ್ಯಾಮೆರಾ, ಇಮೇಲ್, ಬ್ಯಾಂಕ್ ಮೂರರ ಪಾಸ್‌ವರ್ಡ್ ಬದಲಿಸಿ, ಹಳೆಯ ಸಾಧನಗಳೆಲ್ಲವನ್ನೂ ಲಾಗ್‌ಔಟ್ ಮಾಡಿ.