ಒಂದು ಜೇಬು, ಎರಡು ಚಾಕು

ನಮ್ಮ ಅಪ್ಪಯ್ಯನ ಸೊಂಟದಲ್ಲಿ ಕತ್ತಿ ಇಲ್ಲದ ದಿನವನ್ನು ನಾನು ನೋಡಿಲ್ಲ. ತೋಟಕ್ಕೆ ಹೊರಟರೆ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡೇ ಹೋಗುತ್ತಿದ್ದರು. ನನಗೆ ಅದು ಒಗ್ಗಲಿಲ್ಲ. ಬೆಳಿಗ್ಗೆ ತೋಟ, ಮಧ್ಯಾಹ್ನ ಸಾಗರದ ಪೇಟೆ, ಸಂಜೆ ಯಾರದೋ ಮನೆಯ ಪಂಪ್ ರಿಪೇರಿ ಅಂತ ಓಡಾಡುವವನು ನಾನು. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಬ್ಯಾಂಕಿಗೆ ಹೋಗೋಕಾಗುತ್ತಾ? ಅದಕ್ಕೇ ಮಡಚುವ ಚಾಕುವಿನ ಸಹವಾಸ.

ಮೊದಲನೆಯದು ಜಾತ್ರೆಯಲ್ಲಿ ಕೊಂಡದ್ದು. ಒಂದು ದಿನ ಗೊಬ್ಬರದ ಚೀಲಕ್ಕೆ ಅದರ ಮೊನೆ ಚುಚ್ಚಿ ಜೋರಾಗಿ ಒತ್ತಿದೆ. ಅಲಗು ಹಿಂದಕ್ಕೆ ಮಡಚಿಕೊಂಡು ನೇರ ತೋರುಬೆರಳಿನ ಮೇಲೆ ಕೂತಿತು. ಮೂರು ಹೊಲಿಗೆ ಬಿತ್ತು. ತಪ್ಪು ನನ್ನದೇ. ಲಾಕ್ ಇಲ್ಲದ ಚಾಕು ಇರುವುದು ಎಳೆದು ಕೊಯ್ಯುವುದಕ್ಕೆ, ಚುಚ್ಚುವುದಕ್ಕಲ್ಲ. ಆದರೆ ಹೆದರಿಕೆ ಹೋಗಲಿಲ್ಲ. ಮುಂದಿನ ಚಾಕುವಿಗೆ ಲಾಕ್ ಇರಲೇಬೇಕು ಅಂತ ಹುಡುಕಿ ಒಪಿನೆಲ್ ನಂಬರ್ 8 ತರಿಸಿದೆ. ಅದೇ ತಿಂಗಳು ಷಡ್ಡಕ ಬೆಂಗಳೂರಿನಿಂದ ಬಂದವರು ಕೈಗೆ ಕೆಂಪು ಡಬ್ಬಿ ಕೊಟ್ಟರು. ಒಳಗೆ ವಿಕ್ಟೋರಿನಾಕ್ಸ್ ಸ್ಪಾರ್ಟನ್, ಅಲಗಿನ ಜೊತೆ ಸ್ಕ್ರೂಡ್ರೈವರ್, ಚಿಮಟದಂಥ ಸಣ್ಣ ಸಾಮಾನುಗಳನ್ನೂ ಒಂದೇ ಹಿಡಿಯಲ್ಲಿ ಸೇರಿಸಿದ ಸ್ವಿಸ್ ಚಾಕು. ಹೀಗೆ ಇದ್ದ ಒಂದು ಜೇಬಿಗೆ ಎರಡು ಚಾಕು ಬಂದು ಕೂತವು.

ಒಪಿನೆಲ್ ಫ್ರಾನ್ಸಿನ ಸವೊಯ್ ಕಡೆಯದು. 1890ರಲ್ಲಿ ಜೋಸೆಫ್ ಒಪಿನೆಲ್ ಶುರು ಮಾಡಿದ್ದು. ಬೀಚ್ ಮರದ ದುಂಡನೆ ಹಿಡಿ, 8.5 ಸೆಂ.ಮೀ. ಉದ್ದದ ತೆಳು ಅಲಗು, ಅಷ್ಟೇ. ಅಲಗಿನ ಬುಡದಲ್ಲಿ ಒಂದು ಉಕ್ಕಿನ ಉಂಗುರ. ಬಿಚ್ಚಿದ ಮೇಲೆ ಅದನ್ನು ತಿರುಗಿಸಿದರೆ ಅಲಗು ಅಲ್ಲೇ ನಿಲ್ಲುತ್ತದೆ. ಈ ಉಂಗುರ ಬಂದದ್ದು 1955ರಲ್ಲಿ. ನಾನು ತರಿಸಿದ್ದು ಕಾರ್ಬನ್ ಉಕ್ಕಿನದು. ಸ್ಟೇನ್‌ಲೆಸ್ಸೂ ಸಿಗುತ್ತದೆ, ಆದರೆ ಕಾರ್ಬನ್ ಬೇಗ ಮಸೆಯಲು ಬರುತ್ತದೆ ಅಂತ ಆಸೆಪಟ್ಟೆ. ಆ ಮಾತು ನಿಜ. ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ತಳದ ಒರಟು ಅಂಚಿನ ಮೇಲೆ ಏಳೆಂಟು ಸಲ ಎಳೆದರೆ ಸಾಕು, ಬಾಯಿ ಮತ್ತೆ ಹರಿತ.

ಕೊಯ್ಯುವ ವಿಷಯದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ ಅಂತ ಮೊದಲ ದಿನವೇ ಗೊತ್ತಾಯಿತು. ಹಿಪ್ಪಲಿ ಗಿಡಕ್ಕೆ ಕಾಳುಮೆಣಸು ಕಸಿ ಕಟ್ಟುವಾಗ ಮೆಣಸಿನ ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಬೆಣೆಯ ಹಾಗೆ ಕೆತ್ತಬೇಕು. ಒಂದೇ ಎಳೆತಕ್ಕೆ ನುಣ್ಣಗೆ ಬರಬೇಕು. ಎರಡನೇ ಸಲ ಕೆತ್ತಿದರೆ ಮೇಲ್ಮೈ ಏರುಪೇರಾಗುತ್ತದೆ, ಕಡ್ಡಿ ಸರಿಯಾಗಿ ಕೂರುವುದಿಲ್ಲ. ಒಪಿನೆಲ್‌ನಲ್ಲಿ ಅದು ಬೆಣ್ಣೆ ತೆಗೆದ ಹಾಗೆ ಬರುತ್ತಿತ್ತು. ಸ್ಪಾರ್ಟನ್‌ನಲ್ಲೂ ಆಗುತ್ತದೆ, ಆದರೆ ಹಿಡಿ ಚಪ್ಪಟೆ, ಹತ್ತು ಗಿಡ ಕಟ್ಟುವಷ್ಟರಲ್ಲಿ ಅಂಗೈ ನೋಯುತ್ತದೆ. ಒಪಿನೆಲ್ಲೇ ಗೆದ್ದಿತು ಅಂದುಕೊಂಡೆ.

ಅಷ್ಟರಲ್ಲಿ ಮಳೆ ಹಿಡಿಯಿತು.

ನಮ್ಮ ಕಡೆಯ ಜುಲೈ ಗೊತ್ತಲ್ಲ, ಒಣಗಲು ಹಾಕಿದ ಬಟ್ಟೆಗೂ ಬೂಸ್ಟು ಬರುವ ಕಾಲ. ಬೀಚ್ ಮರ ನೀರು ಕುಡಿದು ಉಬ್ಬಿತು. ಅಲಗು ಕೂರುವ ಸೀಳು ಬಿಗಿದುಕೊಂಡಿತು. ಉಗುರು ಹಾಕಿ ಎಳೆದರೆ ಉಗುರು ಮುರಿಯಬೇಕೇ ಹೊರತು ಚಾಕು ಬಿಚ್ಚದು. ಇದು ಚಾಕುವಿನ ದೋಷ ಅಲ್ಲ, ಮರದ ಗುಣ. ಸವೊಯ್‌ನವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಹಿಡಿಯ ಹಿಂತುದಿಯನ್ನು ಗಟ್ಟಿ ಜಾಗಕ್ಕೆ ಟಕ್ ಅಂತ ಕುಟ್ಟಿದರೆ ಅಲಗು ಚೂರು ಮೇಲೆದ್ದು ಕೈಗೆ ಸಿಗುತ್ತದೆ. ನಾನೂ ಮಾಡಿದೆ, ಕೆಲಸ ಮಾಡಿತು. ಆದರೆ ಕಾಲುವೆಯ ಕೆಸರಿನಲ್ಲಿ ನಿಂತು, ಒಂದು ಕೈಯಲ್ಲಿ ಕೊಡೆ ಹಿಡಿದುಕೊಂಡು, ಕುಟ್ಟಲು ಗಟ್ಟಿ ಜಾಗ ಎಲ್ಲಿ ಹುಡುಕಲಿ? ಕೊನೆಗೆ ಒಲೆಯ ಹತ್ತಿರ ವಾರ ಒಣಗಿಸಿ, ಸೀಳಿನ ಒಳಗೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ, ಅಗಸೆ ಎಣ್ಣೆ ಸವರಿದೆ. ಆಮೇಲೆ ಎಷ್ಟೋ ವಾಸಿ.

ಅಲಗಿನದು ಇನ್ನೊಂದು ಕಥೆ. ಹಸಿ ಅಡಿಕೆ ಸುಲಿದವರ ಬೆರಳು ನೋಡಿದ್ದೀರಲ್ಲ, ಚೊಗರು ಹತ್ತಿ ಕಪ್ಪಾಗಿರುತ್ತದೆ. ಕಾರ್ಬನ್ ಉಕ್ಕಿಗೂ ಆ ಚೊಗರು ಬಿಡುವುದಿಲ್ಲ. ಎಳೆ ಅಡಿಕೆ ಸೀಳಿ ನೋಡಿ, ಒರೆಸದೆ ಮಡಚಿ ಜೇಬಿಗೆ ಹಾಕಿದೆ. ಸಂಜೆ ಬಿಚ್ಚಿದರೆ ಅಲಗಿನ ಮೇಲೆ ನೀಲಿ ಕಪ್ಪು ಮೋಡದಂಥ ಕಲೆ. ನಿಜ ಹೇಳಬೇಕೆಂದರೆ ನನಗೆ ಅದು ಚೆಂದವೇ ಕಂಡಿತು. ತುಕ್ಕು ಬೇರೆ, ಈ ಕಪ್ಪು ಬೇರೆ. ಕಪ್ಪು ಕೂತ ಮೇಲೆ ಕೆಂಪು ತುಕ್ಕು ಸ್ವಲ್ಪ ತಡವಾಗಿಯೇ ಬರುತ್ತದೆ. ಆದರೂ ಮಳೆಗಾಲದಲ್ಲಿ ದಿನಾ ರಾತ್ರಿ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಬೇಕು. ದಿನಾ ಅಂದರೆ ದಿನಾ. ನನ್ನಂಥ ಸೋಮಾರಿಗೆ ಇದು ಜಾಸ್ತಿಯಾಯಿತು.

ಸಾಗರದ ಬಸ್ಸಿನಲ್ಲಿ ಆದದ್ದನ್ನೂ ಹೇಳಬೇಕು. ಕಿತ್ತಳೆ ಸುಲಿಯಲು ಒಪಿನೆಲ್ ತೆಗೆದು, ಅಭ್ಯಾಸಬಲದಿಂದ ಉಂಗುರ ತಿರುಗಿಸಿದೆ. ಕಿರ್ ಅಂತ ಸಣ್ಣ ಸದ್ದು. ಪಕ್ಕದ ಸೀಟಿನ ಹೆಂಗಸು ಮಗುವನ್ನು ತನ್ನ ಕಡೆ ಎಳೆದುಕೊಂಡಳು. ನನಗೇ ನಾಚಿಕೆಯಾಗಿ ಕಿತ್ತಳೆಯನ್ನು ಉಗುರಿನಲ್ಲೇ ಸುಲಿದೆ. ಕೆಂಪು ಹಿಡಿಯ ಸ್ಪಾರ್ಟನ್ ತೆಗೆದರೆ ಹೀಗಾಗುವುದಿಲ್ಲ. "ಅದೇನದು, ಎಷ್ಟು ಸಾಮಾನಿದೆ ತೋರ್ಸಿ" ಅಂತ ಜನ ಕೈಯೇ ಚಾಚುತ್ತಾರೆ. ಕಾನೂನಿನ ಪ್ರಕಾರ ಎರಡೂ ಒಂದೇ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತಿದೆ. ಮನೆ, ಕೃಷಿ ಕೆಲಸದ ಸಲಕರಣೆಗಳನ್ನು ಅದರಿಂದ ಬಿಟ್ಟಿದ್ದಾರೆ. ನಮ್ಮವು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಪಕ್ಕದ ಸೀಟಿನವರು ನಿಯಮ ಓದಿಕೊಂಡು ಬಸ್ಸು ಹತ್ತಿರುವುದಿಲ್ಲ, ಅಲ್ವಾ. ವಿಮಾನದ ಕ್ಯಾಬಿನ್ನಿಗೆ ಮಾತ್ರ ಎರಡನ್ನೂ ಬಿಡುವುದಿಲ್ಲ, ಮರೆಯಬೇಡಿ.

ಆಮೇಲೆ ಎರಡು ವಾರ ಎರಡನ್ನೂ ಜೇಬಿನಲ್ಲಿಟ್ಟು, ಯಾವುದನ್ನು ಯಾಕೆ ತೆಗೆದೆ ಅಂತ ಲೆಕ್ಕದ ಪುಸ್ತಕದ ಹಿಂದೆ ಬರೆಯುತ್ತಾ ಹೋದೆ. ಪಟ್ಟಿ ನೋಡಿ ನಗು ಬಂತು. ಅರ್ಧಕ್ಕಿಂತ ಜಾಸ್ತಿ ಸಲ ನಾನು ಏನನ್ನೂ ಕೊಯ್ದೇ ಇಲ್ಲ! ಪಂಪಿನ ಸ್ಟಾರ್ಟರ್ ಡಬ್ಬದ ಸ್ಕ್ರೂ, ಸ್ವಿಚ್ ಬೋರ್ಡಿನ ಸ್ಕ್ರೂ, ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿಯುವುದು, ಕಾಲಿಗೆ ಹತ್ತಿದ ನಾಚಿಕೆಮುಳ್ಳು. ವೈನ್ ಬಾಟಲಿಯ ಬಿರಡೆ ತೆಗೆಯುವ ಸುರುಳಿ ನಮ್ಮೂರಲ್ಲಿ ಯಾಕೆ ದಂಡ ಅಂದುಕೊಂಡಿದ್ದೆ. ನೈಲಾನ್ ಹಗ್ಗದ ಒದ್ದೆ ಗಂಟು ಬಿಚ್ಚಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಗಂಟಿನ ನಡುವೆ ತೂರಿಸಿ ಅಲ್ಲಾಡಿಸಿದರೆ ಸಡಿಲ.

ಇನ್ನು ಲಾಕ್? ಸ್ಪಾರ್ಟನ್‌ಗೆ ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗ್ ಮಾತ್ರ. ಹಾಗಾಗಿ ನಾನೇ ಕೈ ಬದಲಿಸಿಕೊಂಡೆ. ಗೊಬ್ಬರದ ಚೀಲಕ್ಕೆ ಈಗ ಚುಚ್ಚುವುದೇ ಇಲ್ಲ. ಬಾಯಿಯ ಹೊಲಿಗೆಯ ಒಂದು ತುದಿ ಕತ್ತರಿಸಿ, ಸರಿಯಾದ ದಾರ ಹಿಡಿದು ಎಳೆದರೆ ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಚೀಲವೂ ಹಾಳಾಗುವುದಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಮೂರು ಹೊಲಿಗೆ ಹಾಕಿಸಿಕೊಂಡಿದ್ದೆ.

ಜೇಬಿನ ಅಳತೆಯನ್ನು ಬೇರೆ ಹೇಳಬೇಕಾಗಿಲ್ಲ. ಒಪಿನೆಲ್ ಹಗುರ, ಸುಮಾರು 45 ಗ್ರಾಂ. ಆದರೆ ಮಡಚಿದರೂ 11 ಸೆಂ.ಮೀ. ಉದ್ದ. ಅಂಗಿಯ ಜೇಬಿನಿಂದ ತಲೆ ಹೊರಗೆ ಹಾಕಿಕೊಂಡೇ ಇರುತ್ತದೆ, ಬಗ್ಗಿದರೆ ಕಾಲುವೆಗೆ ಹಾರುತ್ತದೆ. ಎರಡು ಸಲ ಹಾರಿತು. ಸ್ಪಾರ್ಟನ್ ತೂಕ ಜಾಸ್ತಿ, ಉದ್ದ 9.1 ಸೆಂ.ಮೀ. ಪಂಚೆಯೊಳಗಿನ ಚಡ್ಡಿಯ ಜೇಬಿನಲ್ಲಿ ಅಡ್ಡ ಮಲಗಿದರೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಈಗ ಎರಡು ವರ್ಷದಿಂದ ಅಲ್ಲೇ ಇದೆ. ಪ್ಲಾಸ್ಟಿಕ್ ಹಲ್ಲುಕಡ್ಡಿ ಮಾತ್ರ ಮೊದಲ ತಿಂಗಳೇ ಎಲ್ಲೋ ಕಳೆದುಕೊಂಡೆ.

ಒಪಿನೆಲ್ ಅಡುಗೆಮನೆ ಸೇರಿತು. ಒಮ್ಮೆ ಮಾವಿನಹಣ್ಣು ಹೆಚ್ಚಲು ಕೊಟ್ಟೆ, ಅಷ್ಟೇ. "ಇದನ್ನ ತೋಟಕ್ಕೆ ಒಯ್ಯಬೇಡಿ, ಇಲ್ಲೇ ಇರ್ಲಿ" ಅಂದಳು ಮನೆಯವಳು. ಅಲ್ಲಿ ಬೆಚ್ಚಗೆ ಒಲೆಯ ಪಕ್ಕ ಇದೆ, ಮರ ಉಬ್ಬುವ ರಗಳೆಯಿಲ್ಲ. ಕಸಿಯ ಕಾಲ ಬಂದಾಗ ನಾನು ಅವಳನ್ನು ಕೇಳಿಯೇ ತೆಗೆದುಕೊಂಡು ಹೋಗಬೇಕು. ವಾಪಸ್ ಕೊಡುವಾಗ ಮಸೆದು, ಎಣ್ಣೆ ಹಚ್ಚಿ ಕೊಡಬೇಕು.